ಗೂಟಣ್ಣನ ಸಹಿ

ಮಾತಾಡಿ ಸಿಕ್ಕಿಹಾಕಿಕೊಳ್ಳುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಸಿಕ್ಕಿಹಾಕಿಕೊಂಡ ಮೇಲೂ ಮಾತು ಮುಂದುವರಿಸುವವರು ಕಡಿಮೆ. ನಮ್ಮ ಹಾಕಿ ಕ್ಲಬ್ಬಿನ ಕಾರ್ಯದರ್ಶಿಗಳು ಈ ಎರಡನೆಯ, ಅಪರೂಪದ ಗುಂಪಿಗೆ ಸೇರಿದವರು.

ಹಗಲು ಹೊತ್ತು ಅವರು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಗಿರಾಕಿಗಳ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಿವಿಯ ಹಿಂದೆ ಬೆರಳಾಡಿಸಿ, ಕನ್ನಡಿ ಹಿಡಿದು ಬಗ್ಗಿ ನಿಲ್ಲುವುದು ಅವರ ಹೊಟ್ಟೆಪಾಡು. ಒಮ್ಮೆ ಕಂಡ ಮುಖವನ್ನು ತಾವು ಮರೆಯುವುದಿಲ್ಲ ಎಂಬುದು ಅವರ ಹೆಮ್ಮೆ. ಅಂಗಡಿಯಲ್ಲಿ ಅವರಿಗೆ ಕೂರಲು ಜಾಗವಿರಲಿಲ್ಲ. ಮನೆಯಲ್ಲಿ ಕುರ್ಚಿಯಿತ್ತು, ಆದರೆ ಅದರ ಮೇಲೆ ಹೆಂಡತಿ ಹೊಲಿದಿಟ್ಟ ಶಾಲಾ ಸಮವಸ್ತ್ರಗಳ ರಾಶಿ ಸದಾ ಕೂತಿರುತ್ತಿತ್ತು. ಇಡೀ ಭೂಮಂಡಲದಲ್ಲಿ ಅವರದೇ ಅನ್ನುವ ಕುರ್ಚಿ ಎಂದರೆ ಕ್ಲಬ್ಬಿನ ಕೋಣೆಯ ಆ ಕಾರ್ಯದರ್ಶಿ ಕುರ್ಚಿ ಒಂದೇ. ಅದರ ಒಂದು ಕಾಲು ಸ್ವಲ್ಪ ಗಿಡ್ಡ.

ಆ ವರ್ಷದ ಪಂದ್ಯಗಳು ಮುಗಿದ ಮೇಲೆ ಕ್ಲಬ್ಬಿನ ತುರ್ತು ಸಭೆ ಸೇರಿತು. ಸಿಮೆಂಟು ಕಾರ್ಖಾನೆಯವರು ಹೊಸ ತಂಡ ಕಟ್ಟುತ್ತಿದ್ದರು. ಕಾಯಂ ಕೆಲಸದ ಆಸೆ ತೋರಿಸಿ ನಮ್ಮ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಎಳೆದುಕೊಳ್ಳುವ ಹುನ್ನಾರ ನಡೆದಿತ್ತು. ಏನಾದರೂ ಸರಿ, ಬಿಟ್ಟುಕೊಡಬಾರದವರು ಮೂವರು. ಮೈದಾನದ ನಡುವೆ ಸೆಂಟರ್ ಹಾಫ್ ಆಡುವ ಬಸ್ ಕಂಡಕ್ಟರು, ಗೋಲು ಹೊಡೆಯುವ ಬೇಕರಿಯವನು, ಗೋಲು ಕಾಯುವ ಗೂಟಣ್ಣ. ಮೂವರ ಸಹಿಯೂ ಮುಂದಿನ ವರ್ಷದ ಕರಾರಿನ ಮೇಲೆ ಬೀಳಬೇಕಿತ್ತು.

ಗೂಟಣ್ಣನ ವಿಷಯ ಸ್ವಲ್ಪ ಹೇಳಬೇಕು. ಹೇಳಲು ಇರುವುದೂ ಸ್ವಲ್ಪವೇ. ಅವನ ಮುಖವನ್ನು ಯಾರೂ ನೋಡಿರಲಿಲ್ಲ. ಬಟ್ಟೆ ಬದಲಿಸುವ ಕೋಣೆ ಇಕ್ಕಟ್ಟೆಂದೋ ಏನೋ, ಮೊದಲ ದಿನದಿಂದಲೂ ಅವನು ಕಾಲಿಗೆ ಪ್ಯಾಡು, ಕೈಗೆ ಗ್ಲೌಸು, ತಲೆಗೆ ಕಂಬಿಯ ಹೆಲ್ಮೆಟ್ಟು ಹಾಕಿಕೊಂಡೇ ಬರುತ್ತಿದ್ದ. ಬರುತ್ತಿದ್ದುದು ಗೇಟಿನಿಂದಲ್ಲ, ನೀರಿನ ಟ್ಯಾಂಕಿನ ಹಿಂದೆ ಗೋಡೆ ಬಿರಿದಿತ್ತಲ್ಲ, ಆ ಸಂದಿಯಿಂದ. ಎರಡು ಕಂಬಗಳ ನಡುವೆ ಬಂದು ಗೂಟ ನೆಟ್ಟಂತೆ ನಿಂತರೆ ಮುಗಿಯಿತು, ಚೆಂಡು ದಾಟುತ್ತಿರಲಿಲ್ಲ. ಗೂಟಣ್ಣ ಎಂಬುದು ಅದಕ್ಕೇ ಬಿದ್ದ ಹೆಸರು. ಕೊನೆಯ ಸೀಟಿ ಊದಿದ ಮೇಲೆ ಅದೇ ಸಂದಿಯಲ್ಲಿ ಮರೆಯಾಗುತ್ತಿದ್ದ. ಆ ಕಡೆ ಇದ್ದದ್ದು ಎಂದೋ ಮುಚ್ಚಿದ ಗೋದಾಮಿನ ಅಂಗಳ. ಅದರ ಗೇಟಿಗೆ ಹಾಕಿದ ಬೀಗ ತುಕ್ಕು ಹಿಡಿದು ಗೇಟಿನದೇ ಭಾಗವಾಗಿಬಿಟ್ಟಿತ್ತು.

ಹಾಗಾದರೆ ಯಾರೂ ಕೇಳಲಿಲ್ಲವೇ ಎಂದರೆ, ಕೇಳುವ ಕಾಲ ಮೀರಿಹೋಗಿತ್ತು. ಅಧ್ಯಕ್ಷರು ಅವನನ್ನು ಕಂಡಕ್ಟರು ಕರೆತಂದದ್ದೆಂದು ತಿಳಿದಿದ್ದರು. ಕಂಡಕ್ಟರು ಅವನನ್ನು ಬೇಕರಿಯವನ ದಾಯಾದಿ ಎಂದುಕೊಂಡಿದ್ದ. ಬೇಕರಿಯವನ ಲೆಕ್ಕದಲ್ಲಿ ಅವನು ಅಧ್ಯಕ್ಷರ ಬಾಡಿಗೆದಾರ. ಮೊದಲ ವಾರ 'ತಮ್ಮ ಹೆಸರೇನು' ಎಂದರೆ ಅದು ಪರಿಚಯ. ಎರಡು ಕಪ್ ಗೆದ್ದುಕೊಟ್ಟ ಮೇಲೆ ಕೇಳಿದರೆ ಅದು ಅವಮಾನ. ಮರ್ಯಾದಸ್ಥರ ಕ್ಲಬ್ಬು, ಯಾರೂ ಕೇಳಲಿಲ್ಲ. ಪ್ರತಿ ವರ್ಷ ಕರಾರಿನ ಕಾಗದವನ್ನು ಗೋಲಿನ ಕಂಬದ ಬುಡದಲ್ಲಿ ಕಲ್ಲಿನಡಿ ಇಟ್ಟು ಬಂದರೆ ಬೆಳಗಾಗುವುದರೊಳಗೆ ಸಹಿ ಬಿದ್ದಿರುತ್ತಿತ್ತು. ಸಹಿ ಎಂದರೆ ನೆಟ್ಟಗೆ ಒಂದು ಗೀಟು, ಅದರ ಬುಡದಲ್ಲೊಂದು ಚುಕ್ಕೆ.

"ಈ ವರ್ಷ ಕಾಗದ ಇಟ್ಟು ವಾರ ಆಯ್ತು. ಇಬ್ಬನಿ ಬಿದ್ದು ಒದ್ದೆ ಆಗಿದೆ ಅಷ್ಟೇ, ಸಹಿ ಇಲ್ಲ," ಎಂದರು ಅಧ್ಯಕ್ಷರು. ಅವರು ಕಾರ್ಯದರ್ಶಿಗಳ ಹೆಂಡತಿಯ ಅಣ್ಣ, ಹಾರ್ಡ್‌ವೇರ್ ಅಂಗಡಿಯ ಮಾಲೀಕರು. ಕಣ್ಣು ಮಂಜಾಗಿದ್ದರೂ ಕನ್ನಡಕ ಹಾಕಿದರೆ ಮುದುಕ ಅಂದಾರೆಂದು ಹಾಕುತ್ತಿರಲಿಲ್ಲ. ಆದ್ದರಿಂದ ಈ ಮಾತನ್ನು ಅವರು ಗೋಡೆಯ ಕ್ಯಾಲೆಂಡರಿಗೆ ಹೇಳಿದರು. "ಕಾರ್ಖಾನೆಯವರು ಹಾರಿಸಿಕೊಂಡು ಹೋದ್ರೋ ಏನೋ. ಅವನ ಹತ್ರ ಹೋಗಿ ಮಾತಾಡೋರು ಯಾರು?"

ಎಲ್ಲರೂ ತಂತಮ್ಮ ಉಗುರು ನೋಡಿಕೊಂಡರು. ಆಗ ವಕೀಲರ ಗುಮಾಸ್ತ ಸಣ್ಣಗೆ ಕೆಮ್ಮಿದ. ಕಾರ್ಯದರ್ಶಿ ಕುರ್ಚಿಯ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣಿತ್ತು. "ಇಂಥದ್ದೆಲ್ಲ ಕಾರ್ಯದರ್ಶಿಯ ಕೆಲಸ ಅಲ್ವಾ? ಅವರಿಂದ ಆಗದಿದ್ರೆ ಹೇಳ್ಲಿ, ಬೇರೆಯವರು ನೋಡ್ತಾರೆ," ಎಂದ.

ಕಾರ್ಯದರ್ಶಿಗಳ ನಾಲಗೆ ಅವರನ್ನು ಕೇಳದೆ ಹೊರಟುಬಿಟ್ಟಿತು. "ಗೂಟಣ್ಣನಾ? ಅವನು ನಾನು ಹಾಕಿದ ಗೆರೆ ದಾಟೋನಲ್ಲ. ನಾವಿಬ್ರೂ ಒಂದೇ ತಟ್ಟೇಲಿ ಉಂಡೋರು."

"ಹಂಗಾದ್ರೆ ಸರಿಹೋಯ್ತು. ಭಾನುವಾರ ಮಧ್ಯಾಹ್ನ ನಮ್ಮನೇಗೆ ಊಟಕ್ಕೆ ಕರ್ಕೊಂಡ್ ಬನ್ನಿ ಭಾವಾ," ಎಂದರು ಅಧ್ಯಕ್ಷರು ಕ್ಯಾಲೆಂಡರಿನತ್ತ ಪ್ರೀತಿಯಿಂದ ನಗುತ್ತ. "ಅಲ್ಲೇ ಸಹಿ ಆಗ್ಲಿ. ಆಗ್ಲಿಲ್ಲ ಅಂದ್ರೆ ಕುರ್ಚಿ ವಿಚಾರ ಆಮೇಲೆ ನೋಡೋಣ."

ಈ ಸುಳ್ಳು ಆಗಷ್ಟೇ ಹುಟ್ಟಿದ್ದಾಗಿದ್ದರೆ ಕಾರ್ಯದರ್ಶಿಗಳು ಅಲ್ಲೇ ಹಲ್ಲು ಗಿಂಜಿ ಪಾರಾಗುತ್ತಿದ್ದರು. ಅದು ಅವರ ಮನೆಯಲ್ಲೇ ಬೆಳೆದು ದೊಡ್ಡದಾದ ಸುಳ್ಳು. ಸಂಜೆ ಅಂಗಡಿ ಮುಚ್ಚಿದ ಮೇಲೆ ಅವರು ಮೈದಾನಕ್ಕೆ ಹೋಗಿ ಗೋಲಿನ ಹಿಂದಿನ ಸಿಮೆಂಟು ಬೆಂಚಿನ ಮೇಲೆ ಕೂರುತ್ತಿದ್ದರು. ಹುಡುಗರು ಅಭ್ಯಾಸ ಮುಗಿಸಿ ಹೋಗಿರುತ್ತಿದ್ದರು. ಬೆಳಕು ಮಾಸುತ್ತಿದ್ದಂತೆ ಅವರು ಆ ದಿನ ಅಂಗಡಿಯಲ್ಲಿ ಬೈಸಿಕೊಂಡದ್ದು, ಭಾವ ತಮ್ಮನ್ನು ಜನರೆದುರು ಹಂಗಿಸಿದ್ದು, ಎಲ್ಲವನ್ನೂ ಖಾಲಿ ಗೋಲಿಗೆ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. ತಡವೇಕೆಂದು ಹೆಂಡತಿ ಕೇಳಿದರೆ 'ಗೂಟಣ್ಣನ ಜೊತೆ ಮಾತಾಡ್ತಿದ್ದೆ' ಎನ್ನುವುದು ರೂಢಿಯಾಗಿತ್ತು. ಸ್ನೇಹಿತರೇ ಇಲ್ಲದ ಗಂಡಸು ಎಂದು ಹೆಂಡತಿಗೆ ಗೊತ್ತಾಗುವುದು ಅವರಿಗೆ ಬೇಡವಾಗಿತ್ತು. ಬರುಬರುತ್ತ ತಮ್ಮ ಬಾಯಿಂದ ಹೇಳಲು ಧೈರ್ಯ ಸಾಲದ್ದನ್ನೂ ಗೂಟಣ್ಣನ ಬಾಯಿಂದ ಹೇಳಿಸತೊಡಗಿದ್ದರು. 'ನಿಮ್ಮಣ್ಣಂದು ಸ್ವಲ್ಪ ಜಾಸ್ತಿ ಆಯ್ತು ಅಂತ ಗೂಟಣ್ಣ ಅಂತಿದ್ದ', 'ಈ ಪರದೆ ಬಣ್ಣ ಗೂಟಣ್ಣಂಗೆ ಹಿಡಿಸಲ್ಲವಂತೆ' ಹೀಗೆ.

ಭಾನುವಾರದ ಊಟದ ಸುದ್ದಿ ಕೇಳಿ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿದಳು. "ಅಂತೂ ಅವರನ್ನ ನೋಡೋ ಭಾಗ್ಯ ಬಂತು," ಎಂದಳು. ದಾರವನ್ನು ಹಲ್ಲಿನಿಂದ ಕಡಿದು ಗಂಡನ ಮುಖವನ್ನೇ ನೋಡಿದಳು. "ಕರ್ಕೊಂಡ್ ಬರ್ತೀರಿ ತಾನೆ?"

"ಅದ್ರಲ್ಲೇನಿದೆ," ಎಂದರು ಕಾರ್ಯದರ್ಶಿಗಳು.

ಮರುದಿನ ಕಂಡಕ್ಟರನ್ನು ಹುಡುಕಿಕೊಂಡು ಬಸ್ಸು ಹತ್ತಿದರು. ಬಸ್ಸಿನಲ್ಲಿ ಹೆಚ್ಚು ಜನವಿರಲಿಲ್ಲ. ಕರಾರಿನ ಮಾತೆತ್ತಿದ ಕೂಡಲೆ ಅವನು ಕೈಯೆತ್ತಿದ. "ನಂದೂ ಬೇಕರಿಯವನದೂ ಒಂದೇ ಮಾತು. ಗೂಟಣ್ಣ ಇದ್ರೆ ನಾವಿದ್ದೀವಿ. ಅವನಿಲ್ದೆ ಇದ್ರೆ ಹಿಂದುಗಡೆ ಬಯಲು, ನಾವು ಆಡಲ್ಲ."

"ಅವನನ್ನ ನೋಡಬೇಕಿತ್ತು. ಮನೆ ಎಲ್ಲಿ ಅಂತ..." ಎಂದು ಕಾರ್ಯದರ್ಶಿಗಳು ರಾಗ ಎಳೆದರು.

ಕಂಡಕ್ಟರು ನಕ್ಕ. "ನನ್ನ ಕೇಳ್ತೀರಾ? ದಿನಾ ಸಂಜೆ ನೀವಿಬ್ರೂ ಮೈದಾನದಿಂದ ಬರೋದು ನಾನು ಬಸ್ಸಿಂದ ನೋಡಲ್ವಾ? ನೀವು ಮುಂದೆ, ಅವನು ನಾಲ್ಕು ಹೆಜ್ಜೆ ಹಿಂದೆ. ಕೈ ಬೀಸ್ತೀನಿ. ಅವನು ಬೀಸ್ತಾನೆ. ನೀವು ಮಾತ್ರ ಯಾವತ್ತೂ ಬೀಸಲ್ಲ, ನೋಡಿ."

ತಮಾಷೆ ಮಾಡುತ್ತಿದ್ದಾನೆಯೇ ಎಂದು ಕಾರ್ಯದರ್ಶಿಗಳು ಅವನ ಮುಖ ನೋಡಿದರು. ಮುಖ ಓದುವುದು ಅವರ ಕಸುಬು, ಅಲ್ಲಿ ತಮಾಷೆ ಇರಲಿಲ್ಲ. ಅವನು ಟಿಕೆಟ್ ಹರಿದು ಕೊಟ್ಟ. ಕೈಗೆ ಬಂದದ್ದು ಎರಡು ಟಿಕೆಟ್ಟು.

ಬಸ್ಸಿಳಿದು ಮೈದಾನದ ಮೂಲೆಯ ಟೀ ಅಂಗಡಿಗೆ ಹೋದರು. ಅಂಗಡಿಯ ಹೆಂಗಸು ಕೇಳುವ ಮೊದಲೇ ಹಲಗೆಯ ಮೇಲೆ ಎರಡು ಲೋಟ ಇಟ್ಟಳು.

"ನಾನೊಬ್ನೇ ಇದ್ದೀನಲ್ಲಮ್ಮಾ," ಎಂದರು ಇವರು.

"ಈಗ ಒಬ್ರೇ. ದಿನಾ ಬೆಂಚಿಗೆ ಎರಡು ಕಳಿಸ್ತೀನಿ, ಎರಡೂ ಖಾಲಿಯಾಗಿ ಬರುತ್ವೆ. ನಿಮ್ಮ ಲೋಟದ ತಳದಲ್ಲಿ ಸಕ್ಕರೆ ನಿಂತಿರುತ್ತೆ, ಅವರದ್ದರಲ್ಲಿ ಇರಲ್ಲ," ಎಂದಳು ಅವಳು.

ಕಾರ್ಯದರ್ಶಿಗಳು ನೆನಪಿಸಿಕೊಂಡು ನೋಡಿದರು. ಎರಡು ಲೋಟ ಬರುತ್ತಿದ್ದುದು ನಿಜ. ಹಳೆಯ ಗಿರಾಕಿ ಎಂಬ ಪ್ರೀತಿಗೆ ಒಂದು ಹೆಚ್ಚಿಗೆ ಕಳಿಸುತ್ತಾಳೆಂದು ಅವರು ಅಂದುಕೊಂಡಿದ್ದರು. ಎರಡನೆಯದನ್ನು ಕುಡಿದ ನೆನಪು ಎಷ್ಟು ಕೆದಕಿದರೂ ಸಿಗಲಿಲ್ಲ. ಅವರು ಟೀ ಬಿಟ್ಟು ಎದ್ದುಬಂದರು.

ಕೊನೆಗೆ ಪೊಲೀಸ್ ಠಾಣೆಗೇ ಹೋದರು. ಹೆದರಿದ ಮನುಷ್ಯ ಎಲ್ಲಿಗೆ ಬೇಕಾದರೂ ಹೋಗುತ್ತಾನೆ. ಇನ್ಸ್‌ಪೆಕ್ಟರು ಊದಿದ ಕಣ್ಣಿನ ಮನುಷ್ಯ, ಇವರದೇ ಅಂಗಡಿಯ ಕನ್ನಡಕ ಹಾಕಿದ್ದರು.

"ಯಾರು ಕಾಣೆಯಾದದ್ದು?"

"ನಮ್ಮ ಗೋಲ್‌ಕೀಪರು ಸರ್."

"ಹೆಸರು?"

"ಗೂಟಣ್ಣ ಅಂತೀವಿ."

"ಅಂತೀರಿ. ಸರಿ. ಬಣ್ಣ, ಮುಖ, ಮೂಗು?"

"ನೋಡಿಲ್ಲ ಸರ್."

"ವಿಳಾಸ?"

"ಗೊತ್ತಿಲ್ಲ ಸರ್."

"ಯಾವಾಗಿನಿಂದ ಕಾಣಿಸ್ತಿಲ್ಲ?"

ಕಾರ್ಯದರ್ಶಿಗಳು ಯೋಚಿಸಿ, "ನನಗೆ ಮೊದಲಿಂದಲೂ," ಎಂದರು.

ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಇವರ ಭುಜದ ಆಚೆ ನೋಡಿದರು. ಆಮೇಲೆ ಬಾಗಿಲ ಕಡೆ ತಿರುಗಿ ಕಾನ್‌ಸ್ಟೇಬಲ್ಲಿಗೆ, "ಇನ್ನೊಂದು ಕುರ್ಚಿ ತಗೊಂಬಾರಯ್ಯ. ಆಗ್ಲಿಂದ ನಿಂತೇ ಇದ್ದಾರೆ ಪಾಪ," ಎಂದರು.

ಕಾನ್‌ಸ್ಟೇಬಲ್ಲು ಕುರ್ಚಿ ತಂದು ಕಾರ್ಯದರ್ಶಿಗಳ ಪಕ್ಕದಲ್ಲಿಟ್ಟು, ಅದರ ಮೇಲಿನ ಧೂಳನ್ನು ಟೋಪಿಯಿಂದ ಹೊಡೆದು, ಮರ್ಯಾದೆಯಿಂದ ಹಿಂದೆ ಸರಿದು ನಿಂತ. ಕುರ್ಚಿ ಕಿರ್ ಎಂದಿತು. ಕಾರ್ಯದರ್ಶಿಗಳು ಯಾವ ದೂರನ್ನೂ ಕೊಡದೆ ಬೀದಿಗೆ ಬಂದು ನಿಂತಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಉಳಿದದ್ದು ಗೋಡೆಯ ಸಂದಿ ಒಂದೇ. ಹಾಡಹಗಲೇ ಹೋದರು, ಕತ್ತಲಲ್ಲಿ ಹೋಗುವ ಎದೆ ಅವರಿಗಿರಲಿಲ್ಲ. ಹೊಟ್ಟೆ ಒಳಗೆಳೆದುಕೊಂಡು ಸಂದಿಯಲ್ಲಿ ನುಸುಳಿ ಆಚೆ ಬಿದ್ದರೆ ಗೋದಾಮಿನ ಅಂಗಳದಲ್ಲಿ ಮೊಣಕಾಲೆತ್ತರದ ಹುಲ್ಲು. ವರ್ಷಗಟ್ಟಲೆ ಒಬ್ಬ ಮನುಷ್ಯ ಪ್ಯಾಡು ಕಟ್ಟಿಕೊಂಡು ಓಡಾಡಿದ ಜಾಗದಲ್ಲಿ ಕಾಲುದಾರಿ ಬಿದ್ದಿರಬೇಕಿತ್ತು. ಅಲ್ಲಿ ಒಂದು ಎಸಳೂ ಬಾಗಿರಲಿಲ್ಲ. ಹಕ್ಕಿಯ ಸದ್ದಿಲ್ಲ, ರಸ್ತೆಯ ಸದ್ದು ಕೂಡ ಗೋಡೆಯಾಚೆಗೇ ನಿಂತಿತ್ತು. ಗೋದಾಮಿನ ಕಿಟಕಿಯೊಂದರ ಗಾಜು ಒಡೆದಿತ್ತು. ಅದಕ್ಕೆ ಬಾಯಿಟ್ಟು "ಗೂಟಣ್ಣಾ" ಎಂದು ಕರೆದರು.

ಅಷ್ಟು ದೊಡ್ಡ ಖಾಲಿ ಕಟ್ಟಡ. ಕೂಗು ತಿರುಗಿ ಬರಬೇಕು. ಬರಲಿಲ್ಲ. ಒಳಗೆ ಯಾರೋ ಕೂತು ಆ ಕರೆಯನ್ನು ಕೇಳಿಸಿಕೊಂಡು ಇಟ್ಟುಕೊಂಡಂತೆ ಇತ್ತು. ಇವರು ಇನ್ನೊಮ್ಮೆ ಕರೆಯಲಿಲ್ಲ. ಬರುವಾಗ ಕಷ್ಟಪಟ್ಟು ನುಸುಳಿದ್ದ ಸಂದಿಯಲ್ಲಿ ಹೋಗುವಾಗ ಹೇಗೆ ದಾಟಿದೆನೆಂದು ಅವರಿಗೆ ತಿಳಿಯಲೇ ಇಲ್ಲ, ಅಂಗಿಯ ಎರಡು ಗುಂಡಿ ಮಾತ್ರ ಅಲ್ಲೇ ಉಳಿದವು.

ಭಾನುವಾರ ಬಂತು. ಕಾರ್ಯದರ್ಶಿಗಳು ತಪ್ಪೊಪ್ಪಿಕೊಳ್ಳುವ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದರು. 'ಭಾವಾ, ಒಂದು ವಿಷಯ ಹೇಳ್ಬೇಕು, ಬೇಜಾರು ಮಾಡ್ಕೋಬೇಡಿ' ಎಂಬುದು ಅದರ ಮೊದಲ ಸಾಲು. ಹೆಂಡತಿಯೊಡನೆ ಅಧ್ಯಕ್ಷರ ಮನೆಯ ಮೆಟ್ಟಿಲು ಹತ್ತಿದಾಗ ಬಾಗಿಲು ತಾನಾಗಿಯೇ ಎಂಬಂತೆ ತೆರೆಯಿತು. ಬಿಸಿಲಿಗೆ ಹೆದರಿ ಒಳಗೆ ಪರದೆಗಳನ್ನೆಲ್ಲ ಎಳೆದಿದ್ದರು.

"ಭಾವಾ, ಒಂದು ವಿಷಯ..." ಎಂದು ಇವರು ಶುರು ಮಾಡಿದರು.

"ಬನ್ನಿ ಬನ್ನಿ, ಮೂವರೂ ಬನ್ನಿ," ಎನ್ನುತ್ತ ಅಧ್ಯಕ್ಷರು ಇವರ ಕಿವಿಯ ಪಕ್ಕದಿಂದ ಕೈ ಚಾಚಿ ಹಿಂದಿನ ಗಾಳಿಯನ್ನು ಹಿಡಿದು ಕುಲುಕಿದರು. "ಬಾರಪ್ಪ ಗೂಟಣ್ಣ, ನಿಮ್ಮನೆ ಅಂತ ತಿಳ್ಕೋ. ಕೈ ಯಾಕಪ್ಪ ಇಷ್ಟು ತಣ್ಣಗಿದೆ?"

ಕಾರ್ಯದರ್ಶಿಗಳು ತಿರುಗಿ ನೋಡಿದರು. ಹಿಂದೆ ಬಿಸಿಲು ಬಿದ್ದ ಮೆಟ್ಟಿಲು, ಅದರ ಮೇಲೆ ತಮ್ಮ ಚಪ್ಪಲಿ, ಹೆಂಡತಿಯ ಚಪ್ಪಲಿ. ಬೇರೇನೂ ಇರಲಿಲ್ಲ. ಬಾಯಿಪಾಠ ಮಾಡಿದ ಮಾತನ್ನು ಅಲ್ಲೇ ಬಿಟ್ಟು ಅವರು ಒಳಗೆ ನಡೆದರು.

ಊಟದ ಮೇಜಿನ ಸುತ್ತ ಕಂಡಕ್ಟರು, ಬೇಕರಿಯವನು, ವಕೀಲರ ಗುಮಾಸ್ತ, ಅಧ್ಯಕ್ಷರ ತಾಯಿ, ಅಂದರೆ ಕಾರ್ಯದರ್ಶಿಗಳ ಅತ್ತೆ, ಆಗಲೇ ಕೂತಿದ್ದರು. ಕಾರ್ಯದರ್ಶಿಗಳ ಪಕ್ಕಕ್ಕೊಂದು ಕುರ್ಚಿ, ಅದರ ಮುಂದೊಂದು ತಟ್ಟೆ. ಬೇಕರಿಯವನು ಆ ಕುರ್ಚಿಯನ್ನು ನೋಡಿ ಕಂಡಕ್ಟರನ್ನು ನೋಡಿದ. ಕಂಡಕ್ಟರು ತಲೆಯಾಡಿಸಿ ನಮಸ್ಕಾರ ಮಾಡಿದ್ದರಿಂದ ತಾನೂ ಮಾಡಿದ. ಗುಮಾಸ್ತ ಕಣ್ಣು ಕಿರಿದು ಮಾಡಿ ಒಂದು ಗಳಿಗೆ ದಿಟ್ಟಿಸಿದ. ಅಲ್ಲಿ ಯಾರೂ ಇಲ್ಲವೆಂದರೆ ಅಧ್ಯಕ್ಷರು ಕುಲುಕಿದ್ದು ಯಾರ ಕೈ ಎಂಬ ಪ್ರಶ್ನೆ ಏಳುತ್ತದೆ. ಅಧ್ಯಕ್ಷರಿಗೆ ಅಂಥ ಪ್ರಶ್ನೆ ಕೇಳಿ ಕಾರ್ಯದರ್ಶಿಯಾದವರು ಯಾರೂ ಇಲ್ಲ. ಅವನು ಗಂಟಲು ಸರಿಮಾಡಿಕೊಂಡು, "ಅವರಿಗೆ ಇನ್ನೊಂದು ಸ್ವಲ್ಪ ಬಡಿಸಿ," ಎಂದ.

ಅತ್ತೆಯವರಂತೂ ಹೊಸ ಅತಿಥಿಯನ್ನು ಬಹಳ ಮೆಚ್ಚಿಕೊಂಡರು. "ಹುಡುಗ ಅಂದ್ರೆ ಹಿಂಗಿರ್ಬೇಕು. ನಮ್ಮ ಅಳಿಯಂದ್ರು ಊಟಕ್ಕೆ ಕೂತ್ರೆ ಬಾಯಿ ಮುಚ್ಚಲ್ಲ. ಇವನು ಬಂದಾಗಿನಿಂದ ಒಂದು ಮಾತಾಡಿದ್ನಾ ನೋಡಿ," ಎಂದರು.

ಅಳಿಯಂದಿರು ಆ ಕಡೆ ತಿರುಗಿ ಒಂದು ಪೆಚ್ಚು ನಗೆ ನಕ್ಕು ಈ ಕಡೆ ತಿರುಗಿದರು. ಪಕ್ಕದ ತಟ್ಟೆಯಲ್ಲಿ ಬಡಿಸಿದ್ದ ಸಿಹಿ ಇರಲಿಲ್ಲ. ಚಮಚ ಇನ್ನೂ ಸಣ್ಣಗೆ ಅಲುಗುತ್ತಿತ್ತು. ಅವರು ನೀರು ಕುಡಿದರು.

ಊಟವಾದ ಮೇಲೆ ಅಧ್ಯಕ್ಷರು ಕರಾರಿನ ಕಾಗದ ತರಿಸಿ ಖಾಲಿ ಕುರ್ಚಿಯ ಮುಂದೆ ಹರವಿದರು. ಪೆನ್ನಿನ ಮುಚ್ಚಳ ತೆಗೆದು ಅದರ ಮೇಲಿಟ್ಟರು. ಎಲ್ಲರೂ ಕುತ್ತಿಗೆ ಮುಂದೆ ಚಾಚಿದರು. ಪೆನ್ನು ಬಿದ್ದಲ್ಲೇ ಬಿದ್ದಿತ್ತು. ಕುರ್ಚಿ ಹೋಗಲಿ. ಇನ್ನೊಂದು ನಿಮಿಷದಲ್ಲಿ ಹೆಂಡತಿಗೆ ಎಲ್ಲ ಗೊತ್ತಾಗುತ್ತದಲ್ಲ ಎಂದು ಕಾರ್ಯದರ್ಶಿಗಳ ಕಣ್ಣು ಮಂಜಾಯಿತು.

ಆಗ ತಟ್ಟೆ ಎತ್ತುತ್ತಿದ್ದ ಹೆಂಡತಿ ಸಹಜವಾಗಿ, "ನೀವೆಲ್ಲ ಹಿಂಗೆ ಗುರಾಯಿಸ್ತಾ ಕೂತ್ರೆ ಅವರು ಹೆಂಗೆ ಸಹಿ ಹಾಕ್ತಾರೆ? ಮೊದಲೇ ನಾಚಿಕೆ ಸ್ವಭಾವ. ಎಲ್ರೂ ಸ್ವಲ್ಪ ಆಕಡೆ ತಿರುಗಿ. ಅಣ್ಣ, ನೀನೂ," ಎಂದಳು.

ಎಲ್ಲರೂ ತಪ್ಪು ಮಾಡಿದ ಮಕ್ಕಳಂತೆ ಗೋಡೆಯ ಕಡೆ ತಿರುಗಿದರು. ಬೆನ್ನ ಹಿಂದೆ ಪೆನ್ನು ಪರಚಿದ ಸದ್ದು. ಮತ್ತೆ ಮೌನ. ಆಮೇಲೆ ಇನ್ನೊಮ್ಮೆ, ಬಹಳ ಚಿಕ್ಕದಾಗಿ, ಟಪ್ ಎಂದು. ತಿರುಗಿದರೆ ಕಾಗದದ ಮೇಲೆ ನೆಟ್ಟಗೆ ಒಂದು ಗೀಟು ನಿಂತಿತ್ತು, ಅದರ ಬುಡದಲ್ಲೊಂದು ಚುಕ್ಕೆ.

ಅಧ್ಯಕ್ಷರು ಕಾಗದವನ್ನು ಮೂಗಿಗೆ ತಾಗಿಸಿ ನೋಡಿದರು. "ಗಂಡಸಿನ ಗತ್ತು ಅವನ ಸಹೀಲಿ ಗೊತ್ತಾಗುತ್ತೆ," ಎಂದರು. ಕಂಡಕ್ಟರೂ ಬೇಕರಿಯವನೂ ಸರಸರನೆ ತಂತಮ್ಮ ಸಹಿ ಹಾಕಿದರು. ಗುಮಾಸ್ತ ಮೀಸೆ ಒರೆಸಿಕೊಂಡು ಎದ್ದ. ಕಾರ್ಯದರ್ಶಿಗಳು ಮಾತ್ರ ಹೆಂಡತಿಯ ಬಲಗೈ ಬೆರಳನ್ನು ನೋಡುತ್ತಿದ್ದರು. ಸೂಜಿ ಚುಚ್ಚಿ ಗಟ್ಟಿಯಾದ ಆ ಬೆರಳಿನ ತುದಿಯಲ್ಲಿ ನೀಲಿ ಶಾಯಿ ಅಂಟಿತ್ತು.

ಮನೆಗೆ ಹೋಗುವಾಗ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಂಗಡಿಗಳ ಬಾಗಿಲು ಮುಚ್ಚಿತ್ತು.

"ನಿಂಗೆ ಗೊತ್ತಿತ್ತಾ?" ಎಂದರು ಕಾರ್ಯದರ್ಶಿಗಳು.

"ಒಂದಿನ ನೀವು ಬೀಗದ ಕೈ ಮರೆತು ಹೋಗಿದ್ರಿ. ಕೊಡೋಕೆ ಅಂತ ಮೈದಾನಕ್ಕೆ ಬಂದೆ. ನೀವು ಒಬ್ರೇ ಕೂತು ಗೋಲಿನ ಹತ್ರ ಮಾತಾಡ್ತಿದ್ರಿ. ನಂಗೆ ಅಳು ಬಂತು. ಹಂಗೇ ವಾಪಸ್ ಬಂದೆ."

ಅವರ ಕಾಲು ನಿಂತುಹೋಯಿತು. "ನಂಗೆ ಯಾರೂ ಇಲ್ಲ ಅಂತ ನಿಂಗೆ ಗೊತ್ತಾಗ್ಬಾರ್ದಿತ್ತು," ಎಂದರು.

"ಯಾರೂ ಇಲ್ದೆ ಏನು. ನಾನಿಲ್ವಾ?"

"ನಿನ್ನ ಹತ್ರ ನಿಮ್ಮಣ್ಣನ್ನ ಬೈಯೋಕಾಗುತ್ತಾ?"

"ಬೈದು ನೋಡ್ಬೇಕಿತ್ತು," ಎಂದಳು ಹೆಂಡತಿ. "ನಾನೂ ಒಂದೆರಡು ಸೇರಿಸ್ತಿದ್ದೆ."

ಕಾರ್ಯದರ್ಶಿಗಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಇಷ್ಟು ವರ್ಷ ಹೊತ್ತ ಭಾರ ಬೀದಿಯ ನಡುವೆ ಇಳಿದುಹೋದಂತಾಗಿ ಅವರು ಹೆಂಡತಿಯ ಶಾಯಿ ಅಂಟಿದ ಬೆರಳನ್ನು ಹಿಡಿದುಕೊಂಡರು. "ಸಹಿ ಮಾತ್ರ ಅಚ್ಚು ಹೊಡೆದಂಗೆ ಹಾಕಿದ್ದೆ ಕಣೆ. ಗೀಟು, ಚುಕ್ಕೆ, ಎಲ್ಲ."

ಹೆಂಡತಿ ನಿಧಾನವಾಗಿ ಅವರ ಕಡೆ ತಿರುಗಿದಳು. "ಯಾವ ಚುಕ್ಕೆ? ನೀವು ಹೇಳಿದ್ದ ನೆನಪಿಗೆ ನಾನು ಗೀಟು ಎಳೆದು ಪೆನ್ನು ಇಟ್ಟೆ, ಅಷ್ಟೇ."

ಇಬ್ಬರೂ ಹಿಂದಕ್ಕೆ ನೋಡಲಿಲ್ಲ. ನೋಡದಿರುವುದೇ ಒಳ್ಳೆಯದೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಮನೆ ತಲುಪಿ ಒಳಗೆ ಹೋದ ಮೇಲೆ ಹೆಂಡತಿ ಬಾಗಿಲು ಹಾಕಲು ಹೋದವಳು, ಯಾರಿಗೋ ದಾರಿ ಬಿಡುವಂತೆ ಸ್ವಲ್ಪ ಹೊತ್ತು ತಡೆದು, ಆಮೇಲೆ ಹಾಕಿದಳು.

ಹೊಸ ಸಾಲಿನ ಮೊದಲ ಪಂದ್ಯ ಸಿಮೆಂಟು ಕಾರ್ಖಾನೆಯ ತಂಡದ ಮೇಲೆಯೇ ಬಿತ್ತು. ಕಾರ್ಯದರ್ಶಿಗಳು ಹೆಂಡತಿಯನ್ನೂ ಕರೆದುಕೊಂಡು ಗೋಲಿನ ಹಿಂದಿನ ಬೆಂಚಿನ ಮೇಲೆ ಕೂತರು. ಗೂಟಣ್ಣ ಬರದಿದ್ದರೆ ಸುಳ್ಳು ಸಹಿಯ ಕಥೆ ಹೊರಗೆ ಬೀಳುತ್ತದೆ. ಆಗ ಕುರ್ಚಿಯ ಜೊತೆಗೆ ಹೆಂಡತಿಯ ಮಾನವೂ ಹೋಗುತ್ತದೆ. ಆಟಗಾರರೆಲ್ಲ ಸಾಲಾಗಿ ನಿಂತರು. ಗೋಲು ಖಾಲಿ. ಗುಮಾಸ್ತ ಜನರ ನಡುವಿನಿಂದ ಇವರತ್ತಲೇ ನೋಡುತ್ತಿದ್ದ. ಅಂಪೈರು ಸೀಟಿಯನ್ನು ಬಾಯಿಗಿಟ್ಟರು.

ನೀರಿನ ಟ್ಯಾಂಕಿನ ಹಿಂದೆ ಏನೋ ಸರಿದಂತಾಯಿತು. ಗೋಡೆಯ ಸಂದಿಯಿಂದ ಮೊದಲು ಒಂದು ಪ್ಯಾಡು, ಆಮೇಲೆ ಗ್ಲೌಸು, ಆಮೇಲೆ ಕಂಬಿಯ ಹೆಲ್ಮೆಟ್ಟು ಬಂದವು. ಯಾವ ಅವಸರವೂ ಇಲ್ಲದೆ ನಡೆದು ಬಂದು ಗೂಟಣ್ಣ ಎರಡು ಕಂಬಗಳ ನಡುವೆ ನೆಟ್ಟಗೆ ನಿಂತ. ಹೆಂಡತಿ ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಆ ದಿನ ಕಾರ್ಖಾನೆಯವರು ಹೊಡೆದ ಒಂದು ಚೆಂಡೂ ಒಳಗೆ ಹೋಗಲಿಲ್ಲ. ಬೇಕರಿಯವನು ಒಂದು ಗೋಲು ಹೊಡೆದ, ಅಧ್ಯಕ್ಷರು ಎದುರು ತಂಡದ ಕೋಚನ್ನು ತಬ್ಬಿಕೊಂಡು ಅಭಿನಂದಿಸಿದರು. ಜನ ಕರಗಿದರು, ಬೆಳಕು ಮಾಸತೊಡಗಿತು. ಗೂಟಣ್ಣ ಮಾತ್ರ ಎಂದಿನಂತೆ ಸಂದಿಯ ಕಡೆ ಹೋಗದೆ ಗೋಲನ್ನು ಬಳಸಿ ಬೆಂಚಿನ ಕಡೆ ಬಂದ. ಹುಲ್ಲಿನ ಮೇಲೆ ಅವನ ಹೆಜ್ಜೆಯ ಸದ್ದಿರಲಿಲ್ಲ. ಹೆಲ್ಮೆಟ್ಟಿನ ಕಂಬಿಗಳ ಹಿಂದೆ ಕತ್ತಲು, ಅದರೊಳಗಿಂದ ಉಸಿರು ಮಾತ್ರ ಕೇಳುತ್ತಿತ್ತು.

ಹೆಂಡತಿ ಸರಿದು ಜಾಗ ಬಿಟ್ಟಳು. ಅವನು ಕೂತ. ಬೆಂಚಿನ ಆ ತುದಿ ತಣ್ಣಗಾಯಿತು. ಅವನು ಗ್ಲೌಸು ತೊಟ್ಟ ಎರಡೂ ಕೈಗಳಿಂದ ಹೆಲ್ಮೆಟ್ಟನ್ನು ಹಿಡಿದು ಮೇಲೆತ್ತಲು ಹೊರಟ. ಯಾವ ಮುಖವನ್ನೂ ಮರೆಯದ ಕಾರ್ಯದರ್ಶಿಗಳು ಆ ಕೈಯ ಮೇಲೆ ಕೈಯಿಟ್ಟರು.

"ಇರ್ಲಿ ಬಿಡಪ್ಪ. ಹಂಗೇ ಚೆನ್ನಾಗಿದೆ," ಎಂದರು. ಆ ಮಾತು ಸುಳ್ಳಾಗಿರಲಿಲ್ಲ. "ಕರಾರಿಗೆ ಯಾಕೆ ಸಹಿ ಹಾಕ್ಲಿಲ್ಲ ಮೊದಲು?"

"ಕಲ್ಲಿನಡಿ ಇಟ್ಟು ಓಡಿಹೋಗ್ತಿದ್ರಿ," ಎಂದಿತು ಕಂಬಿಗಳ ಹಿಂದಿನ ದನಿ. ಬಹಳ ದಿನ ಬಳಸದೆ ಇಟ್ಟ ದನಿ. "ಈ ಸಲನಾದ್ರೂ ಎದುರಿಗೆ ಬಂದು ಕೇಳ್ತೀರಾ ಅಂತ ಕಾದೆ."

ಕಾರ್ಯದರ್ಶಿಗಳು ತಲೆ ತಗ್ಗಿಸಿದರು. ಅವರಿಗೆ ಜೀವಮಾನದಲ್ಲಿ ಮೊದಲ ಸಲ ಹೇಳಲು ಏನೂ ಹೊಳೆಯಲಿಲ್ಲ. ಹೆಂಡತಿ ಮಾತ್ರ ಸೆರಗು ಸರಿಮಾಡಿಕೊಂಡು, ಭಯವನ್ನು ಬದಿಗಿಟ್ಟು, ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟಳು.

"ಅಲ್ಲಪ್ಪಾ, ಇಷ್ಟು ವರ್ಷ ಇಲ್ಲಿ ಕೂತು ನೀವಿಬ್ರೂ ಏನು ಮಾತಾಡ್ತಿದ್ರಿ?"

ಹೆಲ್ಮೆಟ್ಟು ನಿಧಾನವಾಗಿ ಅವಳ ಕಡೆ ತಿರುಗಿತು.

"ನಾನೆಲ್ಲಿ ಮಾತಾಡ್ಲಿ ಅಕ್ಕಾ," ಎಂದಿತು ದನಿ. "ಇವರು ಬಿಟ್ರೆ ತಾನೆ."